ಹಾಳೆ ಹೊಲಿಯುವ ಶನಿವಾರ

ಜೂನ್, ಎರಡನೇ ವಾರ

ಬೀರುವಿನ ಬಾಗಿಲು ತೆರೆದರೆ ಬೂಷ್ಟಿನ ವಾಸನೆ. ಮಲೆನಾಡಿನ ನಮ್ಮ ಸಾಗರ ತಾಲ್ಲೂಕಿನ ಕಡೆ ಮಳೆ ಹಿಡಿಯಿತೆಂದರೆ ಗೋಡೆಯೇ ಬೆವರುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದ ಕಬ್ಬಿಣದ ಬೀರುವಿನೊಳಗೆ ಪುಸ್ತಕ ಒಣಗಿರಬೇಕು ಎಂದರೆ ಹೇಗೆ? ನಮ್ಮದು ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಮಕ್ಕಳು 38, ಶಿಕ್ಷಕಿಯರು ನಾವಿಬ್ಬರೇ. ದಾಸ್ತಾನು ವಹಿಯ ಪ್ರಕಾರ ಪುಸ್ತಕ 412. ದೊಡ್ಡ ಟೀಚರ್ ಒಂದೊಂದೇ ನಂಬರು ಕೂಗುತ್ತಾ ಹೋದರು, ನಾನು ಹುಡುಕುತ್ತಾ ಹೋದೆ. ಎರಡು ಸಂಜೆ ಹಿಡಿಯಿತು. ಸಿಕ್ಕಿದ್ದು 371.

ನೆಲದ ಮೇಲೆ ಮೂರು ರಾಶಿ ಮಾಡಿದೆ. ಇವತ್ತೇ ಮಕ್ಕಳ ಕೈಗೆ ಕೊಡಬಹುದಾದವು 214. ದುರಸ್ತಿ ಮಾಡಿದರೆ ಉಳಿಯುವವು 118. ಕೈಬಿಡಬೇಕಾದವು 39. ಈ 39ರಲ್ಲಿ ಹೆಚ್ಚಿನವು ನುಣುಪು ಆರ್ಟ್ ಪೇಪರಿನ ಬಣ್ಣದ ಪುಸ್ತಕಗಳು. ಆ ಕಾಗದದ ಮೇಲೆ ಹೊಳಪಿಗಾಗಿ ಒಂದು ಲೇಪ ಇರುತ್ತದೆ. ಅದು ಒಮ್ಮೆ ನೆಂದು ಹಾಗೇ ಒಣಗಿದರೆ ಪುಟಕ್ಕೆ ಪುಟ ಅಂಟಿ ಇಟ್ಟಿಗೆಯಾಗುತ್ತದೆ, ಆಮೇಲೆ ಬಿಡಿಸಲು ಹೋದರೆ ಚಿತ್ರವೇ ಎದ್ದು ಬರುತ್ತದೆ. ಒರಟು ಕಾಗದದ ಅಗ್ಗದ ಪುಸ್ತಕಗಳು ಮಾತ್ರ ಎಷ್ಟು ನೆಂದರೂ ಪುಟ ಬಿಟ್ಟುಕೊಡುತ್ತವೆ. ಮುಂದೆ ಪುಸ್ತಕ ಆರಿಸುವ ಅವಕಾಶ ಸಿಕ್ಕರೆ ಇದು ನೆನಪಿರಬೇಕು.

ಈ ಬೀರುವಿಗೆ ಇಷ್ಟು ದಿನ ಬೀಗ ಯಾಕಿತ್ತು ಎನ್ನುವುದನ್ನೂ ಬರೆದಿಡುತ್ತೇನೆ. ಪುಸ್ತಕ ಕಳೆದರೆ ಯಾರು ಹೊಣೆ ಎಂಬ ಭಯ. ವಹಿಯಲ್ಲಿರುವ ನಂಬರು ಬೀರುವಿನಲ್ಲಿ ಇಲ್ಲದಿದ್ದರೆ ಉತ್ತರ ಹೇಳಬೇಕಾದವರು ಶಿಕ್ಷಕರು. ಹಾಗಾಗಿ ಪುಸ್ತಕಕ್ಕೆ ಬೀಗವೇ ಕ್ಷೇಮ ಎಂದು ಎಷ್ಟೋ ಶಾಲೆಗಳಲ್ಲಿ ನಡೆದುಬಂದಿದೆ. ಆದರೆ ನಮ್ಮ ಬೀರುವಿನಲ್ಲಿ ಹಾಳಾದ 157 ಪುಸ್ತಕಗಳಲ್ಲಿ ಮಕ್ಕಳ ಕೈಯಿಂದ ಹಾಳಾದವು ಹತ್ತೂ ಇಲ್ಲ. ಉಳಿದದ್ದೆಲ್ಲ ಒರತೆ, ಗೆದ್ದಲು, ತುಕ್ಕು. ಈ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಇಟ್ಟೆವು. ಸವೆದ ಮತ್ತು ಹರಿದ ಪುಸ್ತಕಕ್ಕೆ ವಹಿಯಲ್ಲಿ ‘ದುರಸ್ತಿ’ ಎಂದು ಬೇರೆ ಕಲಂ ಹಾಕುವುದು, ಪುಸ್ತಕ ಮನೆಗೆ ಕೊಡುವುದು, ಮೂಲೆಯಲ್ಲಿ ಬಿದ್ದಿದ್ದ ಎರಡು ಮುರುಕು ಡೆಸ್ಕುಗಳ ಹಲಗೆ ಬಳಸುವುದು, ಈ ಮೂರಕ್ಕೂ ನಡಾವಳಿ ಪುಸ್ತಕದಲ್ಲಿ ಸಹಿ ಬಿತ್ತು.

ಒದ್ದೆ ಪುಸ್ತಕಗಳನ್ನು ಬಿಸಿಲಿಗಿಡಬಾರದು. ಜೂನ್‌ನಲ್ಲಿ ಬಿಸಿಲು ಎಲ್ಲಿತ್ತು ಅನ್ನಿ. ಇದ್ದರೂ ರಟ್ಟು ಸೊಟ್ಟಗಾಗುತ್ತದೆ. ಪುಸ್ತಕವನ್ನು ಬೀಸಣಿಗೆಯ ಹಾಗೆ ಬಿಡಿಸಿ ನಿಲ್ಲಿಸಿ, ಹತ್ತತ್ತು ಪುಟಕ್ಕೊಂದು ಹಳೆಯ ದಿನಪತ್ರಿಕೆಯ ಹಾಳೆ ಇಟ್ಟು, ಫ್ಯಾನಿನ ಕೆಳಗೆ ಬಿಟ್ಟೆ. ಪತ್ರಿಕೆಯನ್ನು ಬೆಳಿಗ್ಗೆ ಸಂಜೆ ಬದಲಿಸಬೇಕು. ಬೂಷ್ಟು ಹಿಡಿದವನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗಿನ ಜಗಲಿಯಲ್ಲಿ ನಾನೇ ಒಣ ಬ್ರಷ್‌ನಿಂದ ಗುಡಿಸಿದೆ. ಅದನ್ನು ಮಕ್ಕಳಿಗೆ ಕೊಡಲಿಲ್ಲ, ಕೊಡಬಾರದು.

ಜೂನ್, ಕೊನೆಯ ವಾರ

ಅಂಟು. ಒಂದು ಲೋಟ ಮೈದಾ, ಐದು ಲೋಟ ನೀರು. ಮೊದಲು ಮೈದಾವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಬಿಸಿಯೂಟದ ಅಕ್ಕ ಸಾರು ಇಳಿಸಿದ ಮೇಲೆ ಒಲೆ ಬಿಟ್ಟುಕೊಟ್ಟರು. ಮೊದಲನೇ ಸಲ ನನ್ನದು ಗಂಟಾದಾಗ ಅವರೇ ಸೌಟು ತೆಗೆದುಕೊಂಡು ಮಾಡಿ ತೋರಿಸಿದರು.

ಪೇಟೆಯ ಬೈಂಡಿಂಗ್ ಅಂಗಡಿಗಳಲ್ಲಿ ಈ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಹಾಕುತ್ತಾರೆ. ನಾನು ಹಾಕಲಿಲ್ಲ. ಅದು ವಿಷ. ಒಂದನೇ ತರಗತಿಯ ಮಕ್ಕಳು ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುತ್ತಾರೆ. ಅದರ ಬದಲು ವಾರಕ್ಕೆ ಬೇಕಾದಷ್ಟೇ ಅಂಟು ಕುದಿಸುವುದು ಎಂದು ಮಾಡಿಕೊಂಡೆ. ಮಳೆಗಾಲದಲ್ಲಿ ಎರಡು ದಿನ ಇಟ್ಟರೆ ಹುಳಿ ವಾಸನೆ ಬರುತ್ತದೆ. ಬಂದರೆ ಚೆಲ್ಲುವುದು.

ಫೆವಿಕಾಲ್ ಅರ್ಧ ಕೆಜಿ ತಂದಿದ್ದೇನೆ, ಆದರೆ ಎಲ್ಲದಕ್ಕೂ ಅದಲ್ಲ. ಮೈದಾ ಅಂಟಿನಲ್ಲಿ ಅಂಟಿಸಿದ್ದು ತಪ್ಪಾದರೆ ಒದ್ದೆ ಬಟ್ಟೆ ಇಟ್ಟು ಬಿಡಿಸಬಹುದು, ಫೆವಿಕಾಲ್ ಒಣಗಿದರೆ ಬಿಡಿಸಲಾಗುವುದಿಲ್ಲ. ಮಕ್ಕಳು ಕಲಿಯುವ ಕೆಲಸಕ್ಕೆ ಬಿಡಿಸಬಲ್ಲ ಅಂಟೇ ಬೇಕು. ಸೆಲೋಟೇಪ್ ಅಂತೂ ಶಾಲೆಯೊಳಗೆ ಬೇಡವೆಂದು ತೀರ್ಮಾನಿಸಿದೆ. ಯಾರೋ ಹಿಂದೆ ಪ್ರೀತಿಯಿಂದ ಅಂಟಿಸಿದ್ದ ಟೇಪುಗಳು ಈಗ ಹಳದಿಯಾಗಿ, ಪ್ಲಾಸ್ಟಿಕ್ ಉದುರಿ, ಅಂಟು ಮಾತ್ರ ಕಾಗದದೊಳಗೆ ಇಳಿದು ಅಕ್ಷರದ ಮೇಲೆ ಕಲೆ ಬಿಟ್ಟಿದೆ. ಆ ಕಲೆ ಹೋಗುವುದಿಲ್ಲ.

ಹರಿದ ಪುಟಕ್ಕೆ ಬಿಳಿ ಗಾಳಿಪಟದ ಕಾಗದ ಒಳ್ಳೆಯದು. ಅದನ್ನು ಕತ್ತರಿಯಿಂದ ಕತ್ತರಿಸಬಾರದು. ನೀರಲ್ಲಿ ಅದ್ದಿದ ಬ್ರಷ್‌ನಿಂದ ಒಂದು ಗೆರೆ ಎಳೆದು, ಆ ಗೆರೆಯ ಗುಂಟ ಮೆಲ್ಲಗೆ ಎಳೆದು ಹರಿದರೆ ಅಂಚಿನಲ್ಲಿ ನಾರು ಎದ್ದಿರುತ್ತದೆ. ಆ ನಾರು ಪುಟದ ಮೇಲೆ ಕೂತು ಸೇರಿಹೋಗುತ್ತದೆ, ಕೈಗೆ ಅಂಚು ಸಿಗುವುದಿಲ್ಲ. ಮೇಲೆ ಕೆಳಗೆ ತೊಳೆದ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಇಟ್ಟು, ಪತ್ರಿಕೆ ಸುತ್ತಿದ ಇಟ್ಟಿಗೆ ಹೇರಿ ಒಂದು ರಾತ್ರಿ ಬಿಡುವುದು.

ಜುಲೈ

ಎರಡು ಶನಿವಾರ ಮಳೆಗೆ ರಜೆ ಕೊಟ್ಟರು. ಮೂರನೆಯದಕ್ಕೆ ಕೆಲಸ ಶುರುವಾಯಿತು. ಶನಿವಾರ ಬೆಳಗಿನ ತರಗತಿ, ಕೊನೆಯ ಒಂದು ಗಂಟೆ ನಾಲ್ಕು ಮತ್ತು ಐದನೇ ತರಗತಿಯ 16 ಮಕ್ಕಳೊಂದಿಗೆ ಹೊಲಿಗೆ. ಪಿನ್ ಹೊಡೆದ ಸಣ್ಣ ಕಥೆ ಪುಸ್ತಕಗಳನ್ನು ಮೊದಲು ಎತ್ತಿಕೊಂಡೆವು. ಪಿನ್ನಿಗೆ ತುಕ್ಕು ಹಿಡಿದರೆ ಸುತ್ತಲಿನ ಕಾಗದವೂ ಕಂದಾಗಿ, ಪುಡಿಯಾಗಿ, ನಡುವಿನ ಹಾಳೆಗಳು ಕಳಚಿ ಬೀಳುತ್ತವೆ. ಒಳಮಡಿಕೆಯ ಕಡೆಯಿಂದ ಮೊಂಡು ಚಾಕುವಿನಲ್ಲಿ ಪಿನ್ನಿನ ಕಾಲು ಎತ್ತಿ, ಹೊರಗಿನಿಂದ ಎಳೆದು ತೆಗೆಯಬೇಕು. ಇದನ್ನು ನಾನು ಮಾಡಿದೆ. ಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿದ್ದು ಮಕ್ಕಳು. ನೆಲದಲ್ಲಿ ಒಂದೂ ಉಳಿಯಬಾರದು, ಮಕ್ಕಳು ಬರಿಗಾಲಲ್ಲಿ ಕೂರುವ ಜಾಗ ಅದು.

ಹೊಲಿಗೆಗೆ ಮೂರು ತೂತು ಸಾಕು. ಕೌದಿ ಹೊಲಿಯುವ ದಪ್ಪ ಹತ್ತಿ ನೂಲಿಗೆ ಜೇನುಮೇಣ ಸವರಿದರೆ ಸಿಕ್ಕಾಗುವುದಿಲ್ಲ. ಹಾಳೆಗಳನ್ನೆಲ್ಲ ಒಂದರೊಳಗೊಂದು ಕೂರಿಸಿ, ಮಡಿಕೆಯ ನಡುವೆ ಒಂದು, ಮೇಲೆ ಕೆಳಗೆ ಒಂದೊಂದು ತೂತನ್ನು ದಬ್ಬಳದಿಂದ ಚುಚ್ಚಬೇಕು. ಹಳೆಯ ಪಿನ್ನಿನ ತೂತು ಬಿಟ್ಟು ಹೊಸ ಜಾಗದಲ್ಲಿ. ಸೂಜಿ ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ಹೋಗಿ, ಮೇಲಿನ ತೂತಿನಲ್ಲಿ ಒಳಗೆ ಬಂದು, ಒಳಗೇ ನಡುವಿನದನ್ನು ದಾಟಿ ಕೆಳಗಿನ ತೂತಿನಲ್ಲಿ ಹೊರಗೆ ಹೋಗಿ, ಕೊನೆಗೆ ನಡುವಿನ ತೂತಿನಲ್ಲಿ ಮತ್ತೆ ಒಳಗೆ ಬರಬೇಕು. ಈಗ ನೂಲಿನ ಎರಡು ತುದಿ ಒಳಗೆ ಸೇರಿವೆ. ಉದ್ದಕ್ಕೆ ಬಿಗಿದಿರುವ ನೂಲಿನ ಆಚೆಗೊಂದು ಈಚೆಗೊಂದು ತುದಿ ತಂದು ಗಂಟು ಹಾಕಿದರೆ ಮುಗಿಯಿತು. ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯಲಿಲ್ಲ. ಕರಿಹಲಗೆಯ ಮೇಲೆ ಮೂರು ಚುಕ್ಕಿ ಇಟ್ಟು ದಾರಿ ಎಳೆದು ತೋರಿಸಿದೆ, ರಂಗೋಲಿ ಹಾಕುವ ಹುಡುಗಿಯರು ಕೂಡಲೇ ಹಿಡಿದರು.

ಈ ದಿನದ ದೊಡ್ಡ ವಿಷಯ ಹೊಲಿಗೆಯಲ್ಲ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಅಕ್ಷರ ಬರುತ್ತದೆ, ಒತ್ತಕ್ಷರ ಬಂದರೆ ನಿಲ್ಲುತ್ತಾನೆ, ಸಾಲು ಸಾಗುವುದಿಲ್ಲ. ಓದುವ ಅವಧಿ ಎಂದರೆ ನೀರು ಕುಡಿಯಲು ಎದ್ದು ಹೋಗುವವನು. ಕೈ ಮಾತ್ರ ಚುರುಕು, ಅಪ್ಪನ ಜೊತೆ ಅಡಕೆ ಮರದ ಕಾಂಡದಿಂದ ದಬ್ಬೆ, ಅಂದರೆ ಉದ್ದನೆಯ ಪಟ್ಟಿ, ಸೀಳಲು ಹೋಗುತ್ತಾನೆ. ಅವನ ಪಾಲಿಗೆ ಬಂದದ್ದು ರಕ್ಷಾಪುಟವೇ ಇಲ್ಲದ, ಹೆಸರು ಗೊತ್ತಿಲ್ಲದ ಒಂದು ಪುಸ್ತಕ. ಪುಟದ ಸಂಖ್ಯೆ ಇರುವ ಕೆಳಮೂಲೆಯನ್ನು ಗೆದ್ದಲು ತಿಂದಿತ್ತು. ಹಾಳೆಗಳು ಬಿಡಿಬಿಡಿ. ಮಡಿಕೆಗಳೆಲ್ಲ ಹರಿದಿದ್ದರಿಂದ ಯಾವುದಕ್ಕೆ ಯಾವುದು ಜೋಡಿ ಎಂದೂ ತಿಳಿಯದು. ಬೇರೆ ಪುಸ್ತಕ ಕೊಡಲು ಹೋದರೆ ಬೇಡವೆಂದ.

ಅವನು ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ, ಒಂದರ ಕೊನೆಯ ಸಾಲನ್ನು ತುಟಿಯಲ್ಲೇ ಓದಿ, ಉಳಿದವುಗಳ ಮೊದಲ ಸಾಲನ್ನು ಒಂದೊಂದಾಗಿ ಓದತೊಡಗಿದ. ಹೊಂದದಿದ್ದರೆ ಪಕ್ಕಕ್ಕೆ. ‘ಅಜ್ಜಿ ಮೇಕೆಯನ್ನು’ ಎಂದು ಮುಗಿಯುವ ಪುಟಕ್ಕೆ ‘ಹಿಡಿದುಕೊಂಡು ಸಂತೆಗೆ’ ಎಂದು ಶುರುವಾಗುವ ಪುಟವೇ ಬರಬೇಕು. ಅದು ಅವನಿಗೆ ಯಾರೂ ಹೇಳಿಕೊಡದೆ ಗೊತ್ತಿದ್ದ ಕನ್ನಡ. ಬೆಲ್ ಹೊಡೆದು ಮಕ್ಕಳೆಲ್ಲ ಮನೆಗೆ ಹೋದರೂ ಅವನು ಏಳಲಿಲ್ಲ. ನಾನೇ ತಪ್ಪು ಜೋಡಿಸಿದ ಒಂದು ಕಡೆ, ‘ಟೀಚರ್, ಇದ್ರ ಮುಂದಿನ ಹಾಳೆ ಇದಲ್ಲ. ಇಲ್ಲಿ ಮೇಕೆ ಇನ್ನೂ ಮನೇಲೇ ಇದೆ’ ಎಂದ. ಸರಿಯಾಗಿತ್ತು. ಒಂದು ಪುಟವನ್ನು ಅವನು ಅವತ್ತು ಏಳೆಂಟು ಸಲ ಓದಿರಬೇಕು. ನಾಲ್ಕು ವರ್ಷದಲ್ಲಿ ಯಾವ ಪಾಠವನ್ನೂ ಅವನು ಎರಡನೇ ಸಲ ಓದಿದ್ದು ನಾನು ನೋಡಿಲ್ಲ.

ಓದು ಸಾಗದ ಮಗುವಿಗೆ ‘ಓದು’ ಎನ್ನುವುದು ಪರೀಕ್ಷೆ. ‘ಈ ಹಾಳೆ ಎಲ್ಲಿಗೆ ಸೇರಬೇಕು ನೋಡು’ ಎನ್ನುವುದು ಕೆಲಸ. ಕೆಲಸಕ್ಕೆ ಅವನು ಹೆದರುವುದಿಲ್ಲ. ಅಲ್ಲಿಂದ ಮುಂದೆ ದುರಸ್ತಿ ರಾಶಿಯ 118 ಪುಸ್ತಕಗಳನ್ನು ನಾನು ಬೇಗ ಮುಗಿಸುವ ಆತುರ ಬಿಟ್ಟೆ. ಅವೇ ನನ್ನ ಓದುವ ತರಗತಿ.

ಜುಲೈ ಕೊನೆ, ಅದೇ ಪುಸ್ತಕ

ಒಟ್ಟು ಏಳು ಬಿಡಿ ಹಾಳೆ, ಹದಿನಾಲ್ಕು ಪುಟ. ಎಲ್ಲವೂ ಸಾಲಾಗಿ ನಿಂತ ಮೇಲೆ ಒಂದು ಕಡೆ ಕಥೆ ಹಾರಿತು. ಒಂದು ಪುಟದ ಕೊನೆಯಲ್ಲಿ ಅಜ್ಜಿ ಸಂತೆಯಲ್ಲಿ ತಿರುಗಿ ನೋಡುತ್ತಾಳೆ, ಕೈಯಲ್ಲಿ ಹಗ್ಗ ಮಾತ್ರ ಇದೆ. ಮುಂದಿನ ಪುಟದಲ್ಲಿ ಇಬ್ಬರೂ ಮನೆಗೆ ಬರುತ್ತಿದ್ದಾರೆ. ನಡುವೆ ಒಂದು ಹಾಳೆ ಇಲ್ಲ. ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕುತ್ತಾ ಹೋದಾಗ ಅದು 11 ಮತ್ತು 12 ಎಂದು ಗೊತ್ತಾಯಿತು.

ಪಿನ್ ಹೊಡೆದ ಪುಸ್ತಕದ ಗುಟ್ಟು ಇಲ್ಲಿದೆ. ಅಡ್ಡಕ್ಕೆ ಮಡಿಸಿದ ನಾಲ್ಕು ಹಾಳೆ ಒಂದರೊಳಗೊಂದು ಕೂತರೆ 16 ಪುಟ. ಹಾಳೆ ಬಿಡಿಸಿ ಹರಡಿದರೆ ಹೊರಗಿನದರಲ್ಲಿ 16ರ ಪಕ್ಕ 1, ಅದರ ಹಿಂದೆ 2ರ ಪಕ್ಕ 15. ಯಾವ ಹಾಳೆಯ ಯಾವ ಬದಿ ತೆಗೆದುಕೊಂಡರೂ ಎರಡು ಸಂಖ್ಯೆ ಕೂಡಿದರೆ 17. ನಾನು ಇದನ್ನು ಹೇಳಲಿಲ್ಲ. ಜೋಡಿ ಹಾಳೆಗಳನ್ನು ಗಾಳಿಪಟದ ಕಾಗದದ ಪಟ್ಟಿಯಿಂದ ಮತ್ತೆ ಕೂಡಿಸುವಾಗ ಯಾವುದಕ್ಕೆ ಯಾವುದು ಎಂದು ಹುಡುಕುತ್ತಾ ಮಕ್ಕಳೇ ಕಂಡುಕೊಂಡರು. ಐದನೇ ತರಗತಿಯ ಹುಡುಗಿಯೊಬ್ಬಳು ಮೊದಲು ಹೇಳಿದಳು, ಆದರೆ ಮೊದಲು ಬಳಸಿದವನು ಅವನು. 11–12ಕ್ಕೆ ಜೋಡಿಯಾದ 5–6ರ ಹಾಳೆ ಒಂಟಿಯಾಗಿ ಉಳಿಯಿತು. ಅದಕ್ಕೆ ಪಕ್ಕದಲ್ಲಿ ಖಾಲಿ ಬಿಳಿ ಹಾಳೆ ಅಂಟಿಸಿ ಮಡಿಸಿ, ಸಾಲಿಗೆ ಸೇರಿಸಿ ಹೊಲಿದೆವು. ಖಾಲಿ ಹಾಳೆಯಲ್ಲಿ ಏನು ಬರೆಯುವುದು ಎಂಬ ಪ್ರಶ್ನೆ ಹಾಗೇ ಇತ್ತು.

ಗಮ್ ಬೈಂಡಿಂಗಿನ ದಪ್ಪ ಪುಸ್ತಕಗಳ ರೀತಿ ಬೇರೆ. ಅವಕ್ಕೆ ಮಡಿಕೆಯೇ ಇಲ್ಲ, ಬಿಡಿ ಹಾಳೆಗಳ ಬೆನ್ನಿಗೆ ಗೋಂದು ಅಷ್ಟೇ. ಅದು ಒಣಗಿ ಬಿರಿದರೆ ಪುಟ ಉದುರುತ್ತದೆ. ಪಕ್ಕದಿಂದ ದಬ್ಬಳ ಚುಚ್ಚಿ ಹೊಲಿಯುವವರಿದ್ದಾರೆ, ಗಟ್ಟಿಯೇನೋ ಆಗುತ್ತದೆ, ಆದರೆ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳದೆ ಒಳ ಅಂಚಿನ ಅಕ್ಷರ ಮುಚ್ಚಿಹೋಗುತ್ತದೆ. ನಾನು ಹಳೆಯ ಗೋಂದು ಕೆರೆದು, ಹಾಳೆಗಳನ್ನು ಸಮ ತಟ್ಟಿ, ಎರಡು ಹಲಗೆಗಳ ನಡುವೆ ಬಿಗಿದು, ಬೆನ್ನಿನ ಕಡೆ ಹಾಳೆಗಳನ್ನು ಒಂದು ಪಕ್ಕಕ್ಕೆ ಬಾಗಿಸಿ ಫೆವಿಕಾಲ್ ಸವರಿದೆ, ಆಮೇಲೆ ಇನ್ನೊಂದು ಪಕ್ಕಕ್ಕೆ ಬಾಗಿಸಿ ಮತ್ತೊಮ್ಮೆ. ಹೀಗೆ ಮಾಡಿದರೆ ಪ್ರತಿ ಹಾಳೆಯ ಎರಡೂ ಅಂಚಿಗೆ ಕೂದಲೆಳೆಯಷ್ಟು ಅಂಟು ಸಿಗುತ್ತದೆ. ಮೇಲೊಂದು ಬಟ್ಟೆಯ ಪಟ್ಟಿ. ಇದು ನನ್ನ ಕೆಲಸ, ಸಂಜೆಯ ಕೆಲಸ.

ಆಗಸ್ಟ್, ಮೊದಲ ವಾರ

ಕಪಾಟು. ಪುಟ್ಟ ಮಕ್ಕಳಿಗೆ ಪುಸ್ತಕದ ಬೆನ್ನು ಕಾಣಿಸಿದರೆ ಏನೂ ಉಪಯೋಗವಿಲ್ಲ, ಹೆಚ್ಚಿನ ಕಥೆ ಪುಸ್ತಕಗಳಿಗೆ ಬೆನ್ನೇ ಇರುವುದಿಲ್ಲ. ಮುಖ ಕಾಣಬೇಕು. ನಲಿ-ಕಲಿ ಕೋಣೆಯ (ಸಣ್ಣ ತರಗತಿಯವರು ಚಟುವಟಿಕೆಯಿಂದ ಕಲಿಯುವ ಕೋಣೆ) ಚಪ್ಪರದ ದಾರಕ್ಕೆ ನೇತುಹಾಕುವುದು ಸುಲಭ, ಮೊದಲು ಅದನ್ನೇ ಮಾಡಿದೆ. ಒಂದೇ ವಾರದಲ್ಲಿ ದಾರ ಮಡಿಕೆಯನ್ನು ತಿಂದು, ನಾವು ಹೊಲಿದದ್ದೇ ಸಡಿಲವಾಯಿತು. ದಾರಕ್ಕೆ ಒಂದೇ ಹಾಳೆಯ ಕಥೆಕಾರ್ಡು ಹಾಕಬಹುದು, ಪುಸ್ತಕ ಬೇಡ.

ಡೆಸ್ಕಿನ ಹಲಗೆಗಳು ಎರಡು ಬದಿಯಾದವು. ಅಡ್ಡಪಟ್ಟಿಗೆ ಅಡಕೆ ದಬ್ಬೆ. ನಮ್ಮ ಊರಲ್ಲಿ ಬೇಲಿಗೆ, ಅಟ್ಟಕ್ಕೆ, ಜಗಲಿಯ ಕೂರುಮಣೆಗೆ ಎಲ್ಲದಕ್ಕೂ ಅದೇ. ಆ ಹುಡುಗನ ಅಜ್ಜ ಬಿದ್ದ ಮರವೊಂದರಿಂದ ಸೀಳಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಕಪಾಟು 4 ಅಡಿ ಉದ್ದ, ಮೂರು ಸಾಲು, ಸಾಲಿನಿಂದ ಸಾಲಿಗೆ 13 ಅಂಗುಲ, ಮೇಲಿನ ಸಾಲಿನ ತಳ ನೆಲದಿಂದ 3 ಅಡಿ ಮೀರದ ಹಾಗೆ. ಒಂದನೇ ತರಗತಿಯ ಅತಿ ಸಣ್ಣ ಹುಡುಗಿಯನ್ನು ನಿಲ್ಲಿಸಿ, ಕೈ ಎತ್ತದೆ ಅವಳಿಗೆ ಸಿಗುವಲ್ಲಿ ಗುರುತು ಹಾಕಿದೆ. ಪುಸ್ತಕ ಮುಂದಕ್ಕೆ ಜಾರದಂತೆ ತಡೆಪಟ್ಟಿ ಒಂದೂವರೆ ಅಂಗುಲ. ಅದಕ್ಕಿಂತ ಎತ್ತರವಾದರೆ ಚಿತ್ರದ ಕಾಲು ಮುಚ್ಚುತ್ತದೆ.

ಮೊದಲು ಒರಗುಪಟ್ಟಿಯನ್ನು ನೇರ ನಿಲ್ಲಿಸಿದ್ದೆ. ತೇವಕ್ಕೆ ರಕ್ಷಾಪುಟ ಮುರುಟಿ ಪುಸ್ತಕಗಳೆಲ್ಲ ಮುಂದಕ್ಕೆ ಬಾಗಿ ಬಿದ್ದವು. ಬಡಗಿ ಆಚಾರ್ರು ಬಂದು ನೋಡಿ, ‘ಗೋಡೆಗೆ ಏಣಿ ಇಟ್ಟ ಹಾಗೆ ವಾಲಬೇಕು ಟೀಚರೇ’ ಎಂದರು. ಎಲ್ಲ ಸ್ಕ್ರೂ ಬಿಚ್ಚಿ ಮೇಲ್ತುದಿ ನಾಲ್ಕು ಬೆರಳು ಹಿಂದಕ್ಕೆ ಹೋಗುವಂತೆ ಮತ್ತೆ ಕೂರಿಸಿದೆವು, ಸರಿಹೋಯಿತು. ದಬ್ಬೆಯ ಅಂಚಿನ ಸಿಬಿರು ಭಯಂಕರ, ಬೆರಳಿಗೆ ಹೊಕ್ಕರೆ ತೆಗೆಯುವುದು ಕಷ್ಟ. ಮೂರು ಬಗೆಯ ಉಪ್ಪು ಕಾಗದದಲ್ಲಿ, ಒರಟಿನಿಂದ ನಯಕ್ಕೆ, ಉಜ್ಜಿ, ಕೊನೆಗೆ ಹಳೆಯ ಸೀರೆಯ ತುಂಡು ಎಳೆದು ನೋಡಿದೆ. ಬಟ್ಟೆ ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಸರಿ ಎಂದು ಅರ್ಥ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗಿಟ್ಟು, ಕಾಲುಗಳ ಕೆಳಗೆ ಚಪ್ಪಡಿ ಕಲ್ಲಿನ ತುಂಡು ಇಟ್ಟಿದ್ದೇನೆ. ಗೆದ್ದಲು ಕಲ್ಲಿನ ಮೇಲೆ ಮಣ್ಣಿನ ದಾರಿ ಕಟ್ಟದೆ ಹತ್ತುವುದಿಲ್ಲ, ಕಟ್ಟಿದರೆ ಮಕ್ಕಳ ಕಣ್ಣಿಗೆ ಬೀಳುತ್ತದೆ.

ಆಗಸ್ಟ್ 12

ಕಪಾಟಿಗೆ ಪುಸ್ತಕ ಹಾಕಲು ಈ ದಿನವನ್ನೇ ಆರಿಸಿಕೊಂಡೆವು. ಭಾರತದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರ ನೆನಪಿನಲ್ಲಿ ದೇಶದಲ್ಲಿ ಗ್ರಂಥಪಾಲಕರ ದಿನ ಎಂದು ಆಚರಿಸುವ ದಿನ. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ. ಅದನ್ನು ಬೀಗ ತೆಗೆದ ಬೀರುವಿನ ಬಾಗಿಲಿಗೆ ಸುಣ್ಣದ ಕಡ್ಡಿಯಲ್ಲಿ ಬರೆದೆವು. ಓದುಗನ ಸಮಯ ಉಳಿಸಬೇಕು ಎನ್ನುವುದು ನಾಲ್ಕನೆಯದು. ಅದನ್ನು ಎರವಲು ಕೊಡುವ ಕ್ರಮಕ್ಕೆ ಅನ್ವಯಿಸಿಕೊಂಡೆ.

ಮೊದಲು ರಿಜಿಸ್ಟರಿನಲ್ಲಿ ಹೆಸರು, ನಂಬರು, ದಿನಾಂಕ ಬರೆಸುತ್ತಿದ್ದೆ. 38 ಮಕ್ಕಳಿಗೆ ಬರೆಯುವಷ್ಟರಲ್ಲಿ ಅವಧಿಯೇ ಮುಗಿಯುತ್ತಿತ್ತು, ಒಂದನೇ ತರಗತಿಯವರಿಗೆ ಬರೆಯಲೂ ಬಾರದು. ಈಗ ಹಳೆಯ ಲಗ್ನಪತ್ರಿಕೆಗಳಿಂದ ಪ್ರತಿ ಮಗುವಿಗೂ ಒಂದು ಜೇಬು ಮಾಡಿ ಬಟ್ಟೆಯ ಮೇಲೆ ಸಾಲಾಗಿ ಹೊಲಿದಿದ್ದೇವೆ. ಜೇಬಿನ ಮೇಲೆ ಮಗು ತಾನೇ ಬರೆದ ಚಿತ್ರ ಇದೆ, ಒಬ್ಬಳದು ಗುಬ್ಬಿ, ಒಬ್ಬನದು ಟ್ರ್ಯಾಕ್ಟರು. ಪ್ರತಿ ಪುಸ್ತಕದೊಳಗೂ ಅದರ ನಂಬರಿನ ಚೀಟಿ. ಪುಸ್ತಕ ಮನೆಗೆ ಹೋಗುವಾಗ ಚೀಟಿ ಜೇಬಿಗೆ, ಪುಸ್ತಕ ಬಂದಾಗ ಚೀಟಿ ಪುಸ್ತಕಕ್ಕೆ. ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂದು ಬಾಗಿಲಲ್ಲಿ ನಿಂತೇ ಕಾಣುತ್ತದೆ.

ಸೆಪ್ಟೆಂಬರ್

ವಾರದ ಕ್ರಮ ಒಂದು ಹದಕ್ಕೆ ಬಂದಿದೆ. ಇದನ್ನು ನಾನು ಮೊದಲೇ ಕೂತು ಯೋಜಿಸಿದ್ದಲ್ಲ, ಕಪಾಟಿನ ಅಳತೆಯೇ ಮಾಡಿಸಿದ್ದು. ಒಂದು ಸಾಲಿಗೆ ಐದು ಮುಖ, ಮೂರು ಸಾಲಿಗೆ 15. ಮುನ್ನೂರಕ್ಕೂ ಹೆಚ್ಚು ಪುಸ್ತಕ ಇರುವಾಗ 15 ಮಾತ್ರ ಕಾಣುವುದಾದರೆ ಬದಲಿಸುತ್ತಲೇ ಇರಬೇಕು. ಹಾಗಾಗಿ ಸೋಮವಾರ ಕಪಾಟು ಬದಲಿಸುವ ದಿನ. ಸರದಿಯಂತೆ ಮೂವರು ಮಕ್ಕಳು ಬೀರುವಿನಿಂದ 15 ಆರಿಸಿ ಇಡುತ್ತಾರೆ, ಯಾಕೆ ಆರಿಸಿದರೆಂದು ಪ್ರಾರ್ಥನೆಯ ನಂತರ ಹೇಳುತ್ತಾರೆ. ‘ಇದರಲ್ಲಿ ಆನೆ ಇದೆ’ ಎಂದಷ್ಟೇ ಹೇಳಿದರೂ ಸಾಕು. ಒಂದು ವಾರ ಮೂವರು ಹುಡುಗಿಯರು ಬರೀ ಹಸಿರು ರಕ್ಷಾಪುಟದವನ್ನೇ ಇಟ್ಟರು. ನಾನು ಏನೂ ಹೇಳಲಿಲ್ಲ. ಆ ವಾರ ಯಾರೂ ಮುಟ್ಟದೆ ಬಿದ್ದಿದ್ದ ಒಂದು ಗಿಡಮರದ ಪುಸ್ತಕ ಹೊರಬಂತು.

ಬುಧವಾರ ಗಟ್ಟಿ ಓದು, ಎಲ್ಲ ತರಗತಿ ಸೇರಿ. ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು ಓದಬೇಕಾದ್ದರಿಂದ ಹಿಂದಿನ ರಾತ್ರಿಯೇ ಎರಡು ಸಲ ಓದಿಕೊಂಡಿರುತ್ತೇನೆ. ಓದಿ ಮುಗಿದ ಮೇಲೆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ಕಥೆಯ ಕೊನೆಗೆ ಪ್ರಶ್ನೆ ಇದೆ ಎಂದು ಗೊತ್ತಾದರೆ ಮಕ್ಕಳು ಕಥೆಯಲ್ಲಿ ಇರುವುದಿಲ್ಲ, ಉತ್ತರ ಹುಡುಕುತ್ತಿರುತ್ತಾರೆ. ಮೊದಲು ಇದನ್ನು ಬೆಳಿಗ್ಗೆ ಹಾಲು ಕುಡಿದ ಕೂಡಲೇ ಇಟ್ಟಿದ್ದೆ. ಕೈಯ ಹಾಲಿನ ಪಸೆ ಪುಟಕ್ಕೆ ಹತ್ತಿ ಇರುವೆ ಬಂದವು. ಈಗ ಊಟದ ನಂತರ, ಕೈ ತೊಳೆದು ಒರೆಸಿಕೊಂಡ ಮೇಲೆ.

ಗುರುವಾರ ಮನೆಗೆ ಪುಸ್ತಕ. ಶನಿವಾರ ಹೊಲಿಗೆ. ಮನೆಯಲ್ಲಿ ಹರಿದುಹೋದ ಪುಸ್ತಕವನ್ನು ಮಗು ಬಚ್ಚಿಡದೆ ತಂದು ನೇರ ದುರಸ್ತಿ ಬುಟ್ಟಿಗೆ ಹಾಕುತ್ತದೆ, ಶನಿವಾರ ತಾನೇ ಅಂಟಿಸುತ್ತದೆ. ಬೈಯುವುದಿಲ್ಲ ಎಂದು ನಾನು ಬಾಯಲ್ಲಿ ಹೇಳಿದ್ದಕ್ಕಿಂತ ಆ ಬುಟ್ಟಿ ಇಟ್ಟಿದ್ದು ಹೆಚ್ಚು ಕೆಲಸ ಮಾಡಿತು.

ಅಕ್ಟೋಬರ್, ದಸರಾ ರಜೆಯ ನಂತರ

ಬಾಗಿಲು ತೆಗೆದರೆ ಕಪಾಟಿನ ಮೇಲೆ, ಪುಸ್ತಕಗಳ ತಲೆಯ ಮೇಲೆ ಹಳದಿ ಪುಡಿ. ಮರ ಕೊರೆಯುವ ಕುಟ್ಟೆ ಹುಳ ಹಿಡಿದಿದೆ. ದಬ್ಬೆಯಲ್ಲಿ ಸೂಜಿಮೊನೆಯಷ್ಟು ತೂತುಗಳು. ಅಜ್ಜ ಬಂದು ನೋಡಿ, ‘ಅಕ್ಕೋರೆ, ಹೊಳೆಲಿ ಹಾಕದೆ ಹಂಗೇ ಬಡಿದ್ರಾ? ಹಸಿ ದಬ್ಬೆಲಿ ಸಿಹಿ ಇರ್ತದೆ, ಹುಳ ಬಿಡ್ತದಾ?’ ಎಂದರು. ಬಿದಿರನ್ನು ನೀರಲ್ಲಿ ಕೊಳೆಹಾಕಿ ಬಳಸುವುದು ನೋಡಿದ್ದೆ. ಒಳಗಿನ ಪಿಷ್ಟ ನೀರಿಗೆ ಬಿಟ್ಟುಹೋದರೆ ಹುಳಕ್ಕೆ ತಿನ್ನಲು ಏನಿರುತ್ತದೆ? ದಬ್ಬೆಗೂ ಅದೇ ಎಂದು ನನಗೆ ಹೊಳೆದಿರಲಿಲ್ಲ. ಹಿಡಿದ ಐದು ಪಟ್ಟಿ ತೆಗೆದು ಬಿಸಿಯೂಟದ ಒಲೆಗೆ ಕೊಟ್ಟೆವು. ಹೊಸ ಪಟ್ಟಿಗಳನ್ನು ಅಜ್ಜ ಮೂರು ವಾರ ಹೊಳೆಯಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ ತಂದರು. ಬಣ್ಣ ಕಪ್ಪಾಗಿದೆ, ವಾಸನೆ ಹೋಗಲು ಮತ್ತೊಂದು ವಾರ ಬೇಕಾಯಿತು. (ಆಮೇಲೆ ಸೇರಿಸಿದ್ದು: ಮಾರ್ಚ್‌ವರೆಗೆ ಪುಡಿ ಬಿದ್ದಿಲ್ಲ.)

ಡಿಸೆಂಬರ್

ಹೊಸ ಪುಸ್ತಕ ಬೇಕು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವಿದೆ, ಆದರೆ ಅದು ಬರುವವರೆಗೆ ಕಾಯಲು ಮಕ್ಕಳು ತಯಾರಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಓದಿನ ಮಟ್ಟ 1ರಿಂದ 4ರವರೆಗೆ ಅವರೇ ಗುರುತಿಸಿದ್ದಾರೆ. ಆ ನಾಲ್ಕು ಮಟ್ಟಕ್ಕೆ ನಾಲ್ಕು ಬಣ್ಣದ ಚುಕ್ಕಿ ಎಂದು ನಮ್ಮ ಹಳೆಯ ಪುಸ್ತಕಗಳಿಗೂ ಅಂಟಿಸಿದೆವು. ಯಾವ ಮಗುವಿಗೂ ‘ನಿನ್ನದು ಈ ಬಣ್ಣ’ ಎಂದು ಹೇಳುವುದಿಲ್ಲ. ಮೇಲಿನ ಬಣ್ಣದ್ದನ್ನು ಚಿತ್ರ ನೋಡಲು ಒಯ್ದರೆ ಒಯ್ಯಲಿ.

ಸಾಗರದ ಜೆರಾಕ್ಸ್ ಅಂಗಡಿಯಲ್ಲಿ 16 ಪುಟದ ಕಥೆಯನ್ನು ನಾಲ್ಕು ಎ4 ಹಾಳೆಗೆ ಎರಡೂ ಬದಿ ಮುದ್ರಿಸಿದೆವು. ಯಾವ ಪುಟದ ಪಕ್ಕ ಯಾವುದು ಎಂದು ಅಂಗಡಿಯವರಿಗೆ ಬರೆದು ಕೊಟ್ಟದ್ದು ನಮ್ಮ ಹುಡುಗನೇ. 16–1, 2–15, 14–3, 4–13, ಹೀಗೆ ಕೊನೆಯವರೆಗೆ. ಒಂದೂ ತಪ್ಪಿಲ್ಲ. ಹನ್ನೆರಡು ಹೊಸ ಪುಸ್ತಕ ಎರಡು ಶನಿವಾರಗಳಲ್ಲಿ ಹೊಲಿದಾಯಿತು.

ಅದೇ ತಿಂಗಳು ಮೇಕೆಯ ಪುಸ್ತಕದ ಖಾಲಿ ಹಾಳೆಗೂ ಗತಿ ಸಿಕ್ಕಿತು. ಹಗ್ಗದಿಂದ ಮೇಕೆ ಎಲ್ಲಿ ಹೋಯಿತು, ಹೇಗೆ ಸಿಕ್ಕಿತು? ನಾಲ್ಕು ಮತ್ತು ಐದನೆಯವರು ಗುಂಪಾಗಿ ಕೂತು ನಾಲ್ಕು ಕಥೆ ಮಾಡಿದರು. ಒಪ್ಪಿಗೆಯಾದ ಕಥೆಯಲ್ಲಿ ಮೇಕೆ ಲಾಂಚ್ ಹತ್ತಿ ಶರಾವತಿಯ ಹಿನ್ನೀರು ದಾಟಿ ಹೋಗುತ್ತದೆ, ಆಚೆ ದಡದಲ್ಲಿ ಅಜ್ಜಿಯ ತವರುಮನೆಯವರು ಗುರುತು ಹಿಡಿದು ಅದೇ ಲಾಂಚಿನಲ್ಲಿ ವಾಪಸು ಕಳಿಸುತ್ತಾರೆ. ಎರಡೇ ಪುಟದಲ್ಲಿ ಇದು ಹಿಡಿಯಬೇಕು, 13ನೇ ಪುಟದ ಮೊದಲ ವಾಕ್ಯಕ್ಕೆ ಸೇರಬೇಕು ಎಂಬುದೇ ಕಷ್ಟ. ಐದು ಸಲ ತಿದ್ದಿದರು. ಹಾಳೆಯ ಮೇಲೆ ಬರೆದದ್ದು ಹದಿನೇಳರ ಲೆಕ್ಕ ಮೊದಲು ಹೇಳಿದ ಆ ಹುಡುಗಿ, ಲಾಂಚಿನ ಚಿತ್ರ ಹುಡುಗನದ್ದು.

ಮಾರ್ಚ್

ದುರಸ್ತಿ ರಾಶಿಯಲ್ಲಿ 104 ಮುಗಿದಿವೆ, ಹದಿನಾಲ್ಕು ಉಳಿದಿವೆ. ಮನೆಗೆ ಕೊಟ್ಟವುಗಳಲ್ಲಿ ಕಳೆದದ್ದು ಎರಡು, ಒಂದು ಹಳ್ಳ ದಾಟುವಾಗ ನೀರಿಗೆ ಬಿತ್ತು, ಇನ್ನೊಂದು ಹೊಸನಗರದ ನೆಂಟರ ಮನೆಯಲ್ಲಿದೆಯಂತೆ. ಬೇಸಗೆ ರಜೆಗೆ ಪ್ರತಿಯೊಬ್ಬರಿಗೂ ಮೂರು ಪುಸ್ತಕ. ಅದು ಸಾಲದವರಿಗೆ ಗ್ರಾಮ ಪಂಚಾಯತಿಯ ಗ್ರಂಥಾಲಯ ಇದೆ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಐದನೆಯವರನ್ನು ಒಂದು ದಿನ ನಡೆಸಿಕೊಂಡು ಹೋಗಿ ಹೆಸರು ಬರೆಸಿ ಬಂದೆ.

ಕೈಬಿಟ್ಟ 39ರ ರಾಶಿಯ ರಟ್ಟುಗಳು ಉಪಯೋಗಕ್ಕೆ ಬರುತ್ತವೆಂದು ಕೊನೆಯ ಶನಿವಾರ ಬಿಡಿಸಲು ಕೂತೆವು. ಒಂದು ಪುಸ್ತಕದ ಹಿಂಬದಿಯ ರಟ್ಟಿಗೆ ಬೂಷ್ಟಿನ ಜೊತೆ ಒಂದು ಹಾಳೆ ಅಂಟಿಕೊಂಡಿತ್ತು. ಒರಟು ಕಾಗದ. ಮೂಲೆಯಲ್ಲಿ ಮೇಕೆಯ ಕೊಂಬು. ಅದನ್ನು ರಟ್ಟಿನ ಸಮೇತ ಅಡುಗೆಮನೆಯ ದೊಡ್ಡ ತಟ್ಟೆಯ ನೀರಿನಲ್ಲಿ ಅರ್ಧ ಗಂಟೆ ಬಿಟ್ಟು, ಕೆಳಗೆ ಪ್ಲಾಸ್ಟಿಕ್ ಹಾಳೆ ತೂರಿಸಿ ಎತ್ತಿದೆ. ಇಡಿಯಾಗಿ ಬಂತು. ಒಣಗಿದ ಮೇಲೆ ಹದಿನಾರು ಮಕ್ಕಳೂ ಸುತ್ತ ಕೂತರು. ಓದಿದವನು ಅವನು. ಒತ್ತಕ್ಷರಕ್ಕೆ ಎರಡು ಕಡೆ ನಿಂತ, ತಾನೇ ಸರಿಮಾಡಿಕೊಂಡ. ಮೂಲ ಕಥೆಯಲ್ಲಿ ಮೇಕೆ ಎಲ್ಲಿಗೂ ಹೋಗಿರಲಿಲ್ಲ. ಬಟ್ಟೆ ಮಾರುವವನ ಗಾಡಿಯ ಕೆಳಗೆ ನೆರಳಲ್ಲಿ ಮಲಗಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗಲಾಟೆ. ಮೂಲದ್ದನ್ನು ಹಾಕಿ ತಮ್ಮದನ್ನು ತೆಗೆಯಬೇಕೆಂದು ಕೆಲವರು, ಲಾಂಚ್ ತೆಗೆದರೆ ಪುಸ್ತಕ ಬೇಡವೆಂದು ಹೆಚ್ಚಿನವರು. ಕೊನೆಗೆ ಎರಡೂ ಇರಲಿ ಎಂದಾಯಿತು. ಹೊಲಿಗೆ ಬಿಚ್ಚಿ, ಮೂಲದ 11–12ನ್ನು 5–6ರ ಜೋಡಿಯಾಗಿ ಅದರ ಸ್ವಂತ ಜಾಗಕ್ಕೆ ಪಟ್ಟಿ ಹಚ್ಚಿ ಸೇರಿಸಿದೆವು. ಮಕ್ಕಳ ಹಾಳೆಯನ್ನು ಅದರ ಮುಂದೆ, ಒಳ ಅಂಚಿಗೆ ಭತ್ತದ ಕಾಳಿನಷ್ಟು ಅಗಲ ಅಂಟು ಸವರಿ ಕೂರಿಸಿದೆವು. ಅದಕ್ಕೆ ಸಂಖ್ಯೆ 11ಅ, 12ಅ.

ಪೆನ್ಸಿಲ್ ಹಿಡಿದು ಸಂಖ್ಯೆ ಬರೆದವನು ಹಾಗೇ ಕೂತ.

‘ಟೀಚರ್, 11ಅಕ್ಕೆ ಹದಿನೇಳು ಆಗೋ ಜೋಡಿ ಯಾವ್ದು?’

‘ಅದಕ್ಕೆ ಜೋಡಿ ಇಲ್ಲ ಕಣೋ. ಅದು ಆಮೇಲೆ ಅಂಟಿಸಿದ ಹಾಳೆ.’

‘5ಅ, 6ಅ ಬರೆದ್ರೆ ಆಗ್ತದಲ್ಲ.’

ಐದು ಮತ್ತು ಆರನೇ ಪುಟದಲ್ಲಿ ಅಜ್ಜಿ ಇನ್ನೂ ಸಂತೆಗೆ ಹೊರಡುವ ತಯಾರಿಯಲ್ಲಿದ್ದಾಳೆ. ಅಲ್ಲಿ ಇನ್ನೇನು ನಡೆಯಬಹುದು ಎಂದು ಅವನು ಆಗಲೇ ಯೋಚಿಸುತ್ತಿದ್ದ. ಬಿಳಿ ಕಾಗದದಲ್ಲಿ ಅದೇ ಅಳತೆಯ ಒಂದು ಹಾಳೆ ಕತ್ತರಿಸಿ, ಅವನ ಮೂರು ಪುಸ್ತಕಗಳ ಜೊತೆ ಇಟ್ಟು ಕೊಟ್ಟೆ.